ಗರುಡಲಾಂಛನದ ಗೋವಿಂದರಾಜ

ಎಲ್ಲೋರದ ಕೈಲಾಸ ದೇವಾಲಯವನ್ನು ನೋಡದ ಕನ್ನಡ ಕುಟುಂಬವು ನಮ್ಮ ಈ ಸೀಮೆಯಲ್ಲಿ ಇರಲಾರದು. ಊರಿನಿಂದ ನೆಂಟರು ಬಂದರೆಂದರೆ ಅವರನ್ನು ಅಲ್ಲಿಗೆ ಕರೆದೊಯ್ಯುವುದು ನಮಗೆಲ್ಲ ಒಂದು ಕರ್ತವ್ಯವೇ ಆಗಿಬಿಟ್ಟಿದೆ. ನಾಸಿಕದವರು ಬೆಳಗಿನ ಬಸ್ಸು ಹಿಡಿದು ಬರುತ್ತಾರೆ. ಛತ್ರಪತಿ ಸಂಭಾಜಿನಗರದವರಿಗಂತೂ, ಎಂದರೆ ನಮ್ಮ ಹಿರಿಯರ ಬಾಯಿನ ಔರಂಗಾಬಾದಿನವರಿಗೆ, ಅದು ಮನೆಯ ಹಿತ್ತಿಲಿದ್ದಂತೆ. ಒಂದು ಸಲ ಹೀಗೆಯೇ ನಾಲ್ಕಾರು ಮನೆಯವರು ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಅಂಗಳದಲ್ಲಿ ಬಂಡೆಯಿಂದಲೇ ಬಿಡಿಸಿ ನಿಲ್ಲಿಸಿರುವ ಎರಡು ಎತ್ತರವಾದ ಧ್ವಜಸ್ತಂಭಗಳಿವೆಯಷ್ಟೆ. ಅವನ್ನು ಕತ್ತೆತ್ತಿ ನೋಡಿದ ಒಬ್ಬ ಹುಡುಗನು, ಇದರ ಮೇಲೆ ಯಾವ ಬಾವುಟ ಹಾರುತ್ತಿತ್ತು ಎಂದು ಕೇಳಿಬಿಟ್ಟನು. ದೊಡ್ಡವರಾದ ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು.

ಆ ಕಂಬಗಳು ದೇವರವು, ಅರಸನವಲ್ಲ. ಅವುಗಳ ಮೇಲೆ ದೊರೆಯ ಬಾವುಟ ಹಾರುತ್ತಿತ್ತೆಂದು ಹೇಳಲು ಆಧಾರವಿಲ್ಲ. ಆದರೆ ಹುಡುಗನ ಪ್ರಶ್ನೆ ಒಳ್ಳೆಯದು. ಇಂದು ನಮ್ಮ ರಾಜ್ಯದ ಲಾಂಛನದಲ್ಲಿ ಮೈಸೂರು ಅರಸರಿಂದ ಬಂದ ಗಂಡಭೇರುಂಡವಿರುವುದನ್ನು ಬಲ್ಲೆವು. ಈ ಕೈಲಾಸವನ್ನು ಕೊರೆಯಿಸಿದ ರಾಷ್ಟ್ರಕೂಟರ ಮನೆಯ ಲಾಂಛನವೇನೆಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉತ್ತರ ಹೇಳಿಯೇವು? ಅದು ಗರುಡ. ಆ ಗರುಡನ ಕೆಳಗೆ ಹತ್ತಾರು ರಾಜರ ಲಾಂಛನಗಳನ್ನು ತಂದು ಕೂಡಿಸಿದವನು ಕೈಲಾಸದ ಕರ್ತನಾದ ಮೊದಲನೆಯ ಕೃಷ್ಣನ ಮೊಮ್ಮಗ, ಮೂರನೆಯ ಗೋವಿಂದನು. ಆತನ ತಾಮ್ರಪಟಗಳು ದೊರೆತಿರುವುದು ನಾವು ಬದುಕು ಕಟ್ಟಿಕೊಂಡಿರುವ ಈ ಎರಡು ಜಿಲ್ಲೆಗಳಲ್ಲಿಯೇ ಆದುದರಿಂದ ಆತನ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಹೇಳುವುದು ಉಚಿತವೆಂದು ಭಾವಿಸಿದ್ದೇವೆ.

ಮೊದಲು ಲಾಂಛನವೆಂದರೇನೆಂಬುದನ್ನು ಸ್ವಲ್ಪ ತಿಳಿಯೋಣ. ಅಂದಿನ ದೊರೆ ಭೂಮಿಯನ್ನು ದಾನಮಾಡಿದಾಗ ಅದರ ವಿವರವನ್ನು ತಾಮ್ರದ ತಗಡುಗಳ ಮೇಲೆ ಕೊರೆಯಿಸುತ್ತಿದ್ದನು. ಸಾಮಾನ್ಯವಾಗಿ ಮೂರು ತಗಡುಗಳಿಗೆ ತೂತು ಹಾಕಿ, ಒಂದು ಬಳೆಯನ್ನು ತೂರಿಸಿ, ಬಳೆಯ ತುದಿಗಳು ಕೂಡುವಲ್ಲಿ ಮುದ್ರೆಯನ್ನು ಎರಕ ಹೊಯ್ಯುತ್ತಿದ್ದರು. ಮುದ್ರೆ ಮುರಿಯದೆ ನಡುವೆ ಬೇರೆ ತಗಡನ್ನು ಸೇರಿಸುವಂತಿಲ್ಲ. ಎಂದರೆ ಲಾಂಛನವು ಬರಿಯ ಅಲಂಕಾರವಲ್ಲ. ಬಡವನಾದ ದಾನಿಗನ ಹೊಲಕ್ಕೆ ಅದೇ ಕಾವಲು. ಚಾಲುಕ್ಯರ ಮುದ್ರೆಯಲ್ಲಿ ವರಾಹವಿತ್ತು. ರಾಷ್ಟ್ರಕೂಟರ ಮುದ್ರೆಯಲ್ಲಿ ಗರುಡನು ಕುಳಿತಿರುತ್ತಾನೆ. ಕೆಲವು ಮುದ್ರೆಗಳಲ್ಲಿ ಶಿವನ ರೂಪವೂ ಉಂಟು. ಇದಲ್ಲದೆ ಧ್ವಜ, ಬೆಳ್ಗೊಡೆ, ವಾದ್ಯದ ಘೋಷ, ಮೂಲಸ್ಥಳದ ಹೆಸರು, ಇವೆಲ್ಲ ಸೇರಿ ಒಂದು ಮನೆತನದ ಗುರುತಾಗುತ್ತಿದ್ದಿತು. ಗೋವಿಂದನ ಮಗನ ಕಾಲದ, 866ರ ಸಿರೂರು ಮತ್ತು ನೀಲಗುಂದದ ಕನ್ನಡ ಶಾಸನಗಳನ್ನು ನೋಡಿದರೆ ಗರುಡಲಾಂಛನ, ತಿವಿಳಿಯೆಂಬ ವಾದ್ಯದ ಘೋಷ, ಲಟ್ಟಲೂರಪುರದ ಒಡೆತನ, ಈ ಮೂರನ್ನೂ ಒಟ್ಟಿಗೆ ಹೇಳಿರುವುದು ಕಾಣುತ್ತದೆ. ಲಟ್ಟಲೂರೆಂದರೆ ಇಂದಿನ ಲಾತೂರು. ಕಣ್ಣಿಗೊಂದು, ಕಿವಿಗೊಂದು, ನೆನಪಿಗೊಂದು ಗುರುತು.

ಗೋವಿಂದನು ಹುಟ್ಟಿದ್ದು ಇಂಥ ಗುರುತುಗಳು ಕೈಯಿಂದ ಕೈಗೆ ಬದಲಾಗುತ್ತಿದ್ದ ಕಾಲದಲ್ಲಿ. ಆತನ ಹಿರಿಯನಾದ ದಂತಿದುರ್ಗನು 8ನೆಯ ಶತಮಾನದ ಮಧ್ಯದಲ್ಲಿ ಬಾದಾಮಿ ಚಾಲುಕ್ಯರನ್ನು ಸೋಲಿಸಿ ದಕ್ಷಿಣಾಪಥಕ್ಕೆ ಒಡೆಯನಾದನು. ಎಲ್ಲೋರದ ದಶಾವತಾರ ಗುಹೆಯಲ್ಲಿ ಆತನ ಶಾಸನವಿದೆ. ಅದೇ ಗುಹೆಯ ಒಂದು ಗೋಡೆಯ ಮೇಲೆ ಗರುಡನನ್ನೇರಿದ ವಿಷ್ಣುವೂ ಭೂದೇವಿಯನ್ನು ಎತ್ತುವ ವರಾಹನೂ ಒಂದೇ ಸಾಲಿನಲ್ಲಿದ್ದಾರೆ. ರಣರಂಗದಲ್ಲಿ ವರಾಹವನ್ನು ಗರುಡನು ಸೋಲಿಸಿದ್ದಾಗಿತ್ತು. ಶಿಲ್ಪಿಯ ಉಳಿಗೆ ಮಾತ್ರ ಇಬ್ಬರೂ ಒಂದೇ ದೇವರ ಪರಿವಾರ. ಮುಂದಿನ ಸಲ ಹೋದಾಗ ನಮ್ಮ ವಾಚಕರು ಇದನ್ನು ಹುಡುಕಿ ನೋಡಬೇಕು.

ಚಾಲುಕ್ಯರ ಗುರುತುಗಳಲ್ಲಿ ಗಂಗೆ-ಯಮುನೆಯರ ಲಾಂಛನವೂ ಪಾಳಿಧ್ವಜವೂ ಇದ್ದವು. ಅವೂ ಅವರಿಗೆ ಹುಟ್ಟಿನಿಂದ ಬಂದವಲ್ಲ, ಉತ್ತರದ ದಂಡಯಾತ್ರೆಯಲ್ಲಿ ಗೆದ್ದು ತಂದವು. ರಾಷ್ಟ್ರಕೂಟರಲ್ಲಿ ಗೋವಿಂದನ ತಂದೆಯಾದ ಧ್ರುವನು ತಾನೂ ವಿಂಧ್ಯವನ್ನು ದಾಟಿ ಹೋಗಿ, ಗಂಗೆ-ಯಮುನೆಯರನ್ನು ಶತ್ರುಗಳಿಂದ ಲಾಂಛನರೂಪವಾಗಿ ಪಡೆದನೆಂದು ಬರೋಡದಲ್ಲಿ ದೊರೆತ ತಾಮ್ರಪಟವು ಹೇಳುತ್ತದೆ. ಗೌಡರಾಜನ ಬೆಳ್ಗೊಡೆಗಳ ಕಥೆ ಇನ್ನೂ ಸ್ವಾರಸ್ಯವಾದುದು. ಮೊದಲು ಅವನ್ನು ಗೌಡನಿಂದ ಗುರ್ಜರ ವತ್ಸರಾಜನು ಕಿತ್ತುಕೊಂಡಿದ್ದನು. ಧ್ರುವನು ವತ್ಸರಾಜನನ್ನು ಮರುಭೂಮಿಗೆ ಅಟ್ಟಿ ಅವನ್ನು ತನ್ನದಾಗಿಸಿಕೊಂಡನು. ಕೈಲಾಸದ ಅಂಗಳದ ಒಂದು ಪಕ್ಕದಲ್ಲಿ ಗಂಗೆ, ಯಮುನೆ, ಸರಸ್ವತಿ ಈ ಮೂವರು ನದೀದೇವಿಯರಿಗೆ ಗುಡಿಯಿದೆ. ಅದನ್ನು ನೋಡುವಾಗಲೆಲ್ಲ ಈ ಮನೆಯವರಿಗೆ ಆ ನದಿಗಳ ಮೇಲೆ ಎಷ್ಟು ಆಸೆಯಿದ್ದಿತೆಂಬುದು ನಮ್ಮ ನೆನಪಿಗೆ ಬರುತ್ತದೆ.

ಗೋವಿಂದನು ಧ್ರುವನ ಹಿರಿಯ ಮಗನಲ್ಲ. ಸ್ತಂಭನೆಂಬ ಅಣ್ಣನು ಗಂಗವಾಡಿಯನ್ನು ಆಳುತ್ತಿದ್ದನು. ಇಂದ್ರನೆಂಬ ತಮ್ಮನೂ ಇದ್ದನು. ಮಕ್ಕಳಲ್ಲಿ ಯೋಗ್ಯನು ಗೋವಿಂದನೇ ಎಂದು ತಿಳಿದ ತಂದೆಯು ಆತನಿಗೆ ಯುವರಾಜಪದವಿಯ ಗುರುತಾದ ಕಂಠಿಕೆಯನ್ನು ಕೊರಳಿಗೆ ಹಾಕಿದನು. ಅಷ್ಟಕ್ಕೇ ನಿಲ್ಲದೆ, ತಾನು ಬದುಕಿರುವಾಗಲೇ ರಾಜ್ಯವನ್ನು ಒಪ್ಪಿಸಿಬಿಡುವುದಾಗಿಯೂ ಹೇಳಿದನಂತೆ. ಮಗನು ಒಪ್ಪಲಿಲ್ಲ. ತನಗೆ ಕಂಠಿಕೆಯೇ ಸಾಕು, ಅದನ್ನೇ ತಂದೆಯ ಆಜ್ಞೆಯಂತೆ ಧರಿಸಿಕೊಂಡಿರುವೆನು, ರಾಜ್ಯಭಾರವು ತಂದೆಯಲ್ಲಿಯೇ ಇರಲಿ ಎಂದು ಬೇಡಿಕೊಂಡನೆಂದು ವಣಿ ಮತ್ತು ರಾಧನಪುರದ ತಾಮ್ರಪಟಗಳು ವರ್ಣಿಸುತ್ತವೆ. ಆಸ್ಥಾನಕವಿಯ ಮಾತು, ಪೂರ್ತಿ ನಂಬಬೇಕಾಗಿಲ್ಲ. ಆದರೂ ಅಣ್ಣನ ಹಕ್ಕನ್ನು ದಾಟಿ ಬಂದ ಸಿಂಹಾಸನವು ತಮ್ಮನಿಗೆ ಸುಲಭವಾಗಿ ಕೂರುವ ಪೀಠವಾಗಿರಲಿಲ್ಲವೆಂಬುದು ಆ ವರ್ಣನೆಯ ಹಿಂದೆ ಕಾಣುತ್ತದೆ.

ಧ್ರುವನು ತೀರಿಕೊಂಡದ್ದು ಯಾವಾಗ? ಇದಕ್ಕೆ ಉತ್ತರ ಕೊಡುವುದೂ ನಮ್ಮ ಜಿಲ್ಲೆಯೇ. ದೌಲತಾಬಾದಿನಲ್ಲಿ ಸಿಕ್ಕಿದ, ಶಂಕರಗಣನೆಂಬ ಬಂಧುವಿನ ತಾಮ್ರಪಟವು 793ರದು. ಆಗ ಧ್ರುವನು ಇನ್ನೂ ಆಳುತ್ತಿದ್ದನು. ಪೈಠಣದಲ್ಲಿ ಸಿಕ್ಕಿದ ತಾಮ್ರಪಟವು ಶಕವರ್ಷ 716ರದು, ಎಂದರೆ 794ರದು. ಅದರಲ್ಲಿ ಗೋವಿಂದನೇ ದೊರೆಯಾಗಿ ಪ್ರತಿಷ್ಠಾನದ ಸೀಮೆಯ ಒಂದು ಹಳ್ಳಿಯನ್ನು ದಾನಮಾಡುತ್ತಾನೆ. ಇವೆರಡರ ನಡುವೆ ರಾಜ್ಯವು ಕೈ ಬದಲಾಯಿಸಿತು. ಎರಡು ಊರುಗಳ ನಡುವಿನ ದಾರಿಯನ್ನು ನಾವು ಒಂದೇ ದಿನದಲ್ಲಿ ಹೋಗಿ ಬರುತ್ತೇವೆ.

ಅಣ್ಣನು ಸುಮ್ಮನಿರಲಿಲ್ಲ. ಹನ್ನೆರಡು ಮಂದಿ ರಾಜರನ್ನು ಕೂಡಿಸಿಕೊಂಡು ತಮ್ಮನ ಮೇಲೆ ದಂಡೆತ್ತಿ ಬಂದನು. ಗಂಗರ ದೊರೆಯಾದ ಶಿವಮಾರನು ಧ್ರುವನ ಕಾಲದಿಂದಲೂ ಸೆರೆಯಲ್ಲಿದ್ದನು. ಗೋವಿಂದನು ಕನಿಕರಪಟ್ಟು ಆತನನ್ನು ಬಿಡಿಸಿ ಕಳುಹಿಸಿದರೆ, ಆತನೂ ಎದುರುನಿಂತನು. ಗೋವಿಂದನು ಹನ್ನೆರಡು ರಾಜರ ಕೂಟವನ್ನು ಮುರಿದನು, ಶಿವಮಾರನನ್ನು ಮತ್ತೆ ಸೆರೆಗೆ ಹಾಕಿದನು. ಸೋತ ಅಣ್ಣನನ್ನು ಏನು ಮಾಡಿದನು? ಆ ಕಾಲದ ಪದ್ಧತಿಯಂತೆ ಕಣ್ಣು ಕೀಳಿಸಬಹುದಿತ್ತು, ಕೊಲ್ಲಿಸಬಹುದಿತ್ತು. ಹಾಗೆ ಮಾಡದೆ ಗಂಗವಾಡಿಯನ್ನು ಅಣ್ಣನಿಗೇ ಹಿಂದಕ್ಕೆ ಕೊಟ್ಟನು. 802ರ ಮಣ್ಣೆಯ ಶಾಸನದಲ್ಲಿ ಸ್ತಂಭನು ರಣಾವಲೋಕನೆಂಬ ಬಿರುದಿನೊಡನೆ ಅಲ್ಲಿ ಆಳುತ್ತಿರುವುದನ್ನು ಕಾಣುತ್ತೇವೆ. ತಮ್ಮನಾದ ಇಂದ್ರನಿಗೆ ಗುಜರಾತಿನ ಲಾಟದೇಶವನ್ನು ವಹಿಸಿದನು. ಒಂದೇ ಮನೆಯ ಆಸ್ತಿಗಾಗಿ ವರ್ಷಗಟ್ಟಲೆ ಕೋರ್ಟು ಹತ್ತುವ ನಮ್ಮ ಜನರು ಈ ಭಾಗವನ್ನು ಎರಡು ಸಲ ಓದಿದರೆ ತಪ್ಪಿಲ್ಲ. ನಮ್ಮ ಮನಸ್ಸಿಗೆ ಹಿಡಿಸಿದ ಗೋವಿಂದನು ದಿಗ್ವಿಜಯದ ಗೋವಿಂದನಿಗಿಂತ ಹೆಚ್ಚಾಗಿ ಈ ಗೋವಿಂದನೇ.

ಮನೆ ಭದ್ರವಾದ ಮೇಲೆ ಆತನು ಉತ್ತರಕ್ಕೆ ಹೊರಟನು. ಗುರ್ಜರ ಪ್ರತೀಹಾರ ನಾಗಭಟನು ಸೋತು ಓಡಿದನು. ಕನೌಜಿನ ಚಕ್ರಾಯುಧನೂ ಬಂಗಾಳದ ಧರ್ಮಪಾಲನೂ ತಾವಾಗಿಯೇ ಬಂದು ಶರಣಾದರೆಂದು ಸಂಜಾನದ ತಾಮ್ರಪಟವು ಹೇಳುತ್ತದೆ. ಆತನ ಕುದುರೆಗಳು ಹಿಮಾಲಯದ ಝರಿಗಳ ನೀರನ್ನು ಕುಡಿದವಂತೆ. ಹಿಂದಿರುಗುವಾಗ ಮಳೆಗಾಲವು ಹಿಡಿದುಕೊಂಡಿತು. ನರ್ಮದೆಯ ಕಡೆಯ ಶ್ರೀಭವನವೆಂಬಲ್ಲಿ, ಮಾರಶರ್ವನೆಂಬ ಅರಸನ ಅತಿಥಿಯಾಗಿ ದಂಡು ಬಿಡಾರ ಹೂಡಿತು. ಅಲ್ಲಿಯೇ, 800ರ ಸುಮಾರಿನಲ್ಲಿ, ಗೋವಿಂದನಿಗೆ ಮಗನು ಹುಟ್ಟಿದನು. ಆ ಮಗುವೇ ಅಮೋಘವರ್ಷ ನೃಪತುಂಗನು. ಕನ್ನಡ ನಾಡಿನ ಆ ಕೀರ್ತಿಶಾಲಿಯು ಹುಟ್ಟಿದ್ದು ಗುಜರಾತಿನ ಮಳೆಗಾಲದ ಬಿಡಾರದಲ್ಲಿ. ಪರಊರಿನ ಆಸ್ಪತ್ರೆಯಲ್ಲಿ ಹೆತ್ತ ನಮ್ಮ ತಾಯಂದಿರಿಗೆ ಇದು ಹಿತವಾದ ಸುದ್ದಿಯಾಗಬೇಕು.

ಅಲ್ಲಿಂದ ದಂಡು ದಕ್ಷಿಣಕ್ಕೆ ಹೊರಳಿ ತುಂಗಭದ್ರೆಯ ದಡಕ್ಕೆ ಬಂದಿತು. ಕಂಚಿಯ ಪಲ್ಲವ ದಂತಿವರ್ಮನೂ ಪಾಂಡ್ಯ ಚೋಳ ಕೇರಳರೂ ಸೋತರು. ಲಂಕೆಯ ದೊರೆಯು ಹೆದರಿ ತನ್ನದೊಂದು, ತನ್ನ ಮಂತ್ರಿಯದೊಂದು ಪ್ರತಿಮೆಯನ್ನು ಕಳುಹಿಸಿಕೊಟ್ಟನು. ಗೋವಿಂದನು ಅವನ್ನು ಶಿವಾಲಯದಲ್ಲಿ ಕೀರ್ತಿಸ್ತಂಭಗಳಂತೆ ನಿಲ್ಲಿಸಿದನು. ವೆಂಗಿಯ ಚಾಲುಕ್ಯ ದೊರೆಗಂತೂ ಓಲೆಯವನ ಬಾಯಿಂದ ಅರ್ಧಮಾತು ಕೇಳಿದರೆ ಸಾಕಾಗಿತ್ತು, ಬಂದು ಬಿಡಾರಕ್ಕೆ ಸುತ್ತುಗೋಡೆ ಕಟ್ಟಿಕೊಟ್ಟನಂತೆ. ಈ ತುಂಗಭದ್ರೆಯ ಬಿಡಾರದ ಕಾಲಕ್ಕೆ ಸೇರಿದ, 804ರ ಒಂದು ತಾಮ್ರಪಟವು ಕನ್ನಡ ಭಾಷೆಯಲ್ಲಿದೆ. ಅದರಲ್ಲಿ ರಾಣಿ ಗಾಮುಂಡಬ್ಬೆಯ ಹೆಸರಿದೆ. ದೊರೆಯು ಕಂಚಿಯ ದಂತಿಗನನ್ನು ಗೆದ್ದು ಕಪ್ಪವೆತ್ತಲು ಬಂದಾಗ ರಾಮೇಶ್ವರ ತೀರ್ಥದಲ್ಲಿ ಒಬ್ಬ ಗೊರವನಿಗೆ ದಾನ ಕೊಟ್ಟ ವಿಷಯವಿದೆ. ಸಂಸ್ಕೃತದ ದೊಡ್ಡ ದೊಡ್ಡ ಉಪಮೆಗಳ ನಡುವೆ ಈ ಕನ್ನಡದ ತಗಡು ಮನೆಯವರ ಮಾತಿನಂತೆ ಕೇಳಿಸುತ್ತದೆ.

ಈಗ ಲಾಂಛನದ ಮುಖ್ಯ ವಿಷಯಕ್ಕೆ ಬಂದೆವು. ಕೊಲ್ಲಾಪುರ ಜಿಲ್ಲೆಯ ನೇಸರಿಗೆ ಸಂಬಂಧಿಸಿದ, ಶಕವರ್ಷ 727ರ, ಎಂದರೆ 805ರ ತಾಮ್ರಪಟದಲ್ಲಿ ಗೋವಿಂದನು ಯಾವ ಯಾವ ರಾಜನಿಂದ ಯಾವ ಯಾವ ಲಾಂಛನವನ್ನು ಕಿತ್ತುಕೊಂಡನೆಂಬುದರ ಪಟ್ಟಿಯೇ ಇದೆ. ಪಾಂಡ್ಯನ ಮೀನು, ಪಲ್ಲವನ ವೃಷಭ, ಚೋಳನ ಹುಲಿ, ಗಂಗನ ಆನೆ, ಕೇರಳನ ಬಿಲ್ಲು, ಚಾಲುಕ್ಯ ಮೊದಲಾದವರ ವರಾಹ, ಕೊನೆಗೆ ಬೌದ್ಧನಾದ ಬಂಗಾಳದ ಧರ್ಮಪಾಲನ ತಾರಾ ಭಗವತಿ. ಕೋಸಲ, ಅವಂತಿ, ಸಿಂಹಳಗಳ ಹೆಸರೂ ಅಲ್ಲಿವೆ. ಹೀಗೆ ಎಲ್ಲರ ಗುರುತುಗಳನ್ನೂ ತೆಗೆದುಕೊಂಡು ಜಗತ್ತುಂಗನು ಲೋಕವನ್ನೆಲ್ಲ ಗರುಡಾಂಕಿತವಾಗಿ ಮಾಡಿದನೆಂಬುದು ಅದರ ತಾತ್ಪರ್ಯ. ಜಗತ್ತುಂಗನೆಂಬುದು ಗೋವಿಂದನ ಬಿರುದು.

ಯುರೋಪಿನ ದೊಡ್ಡ ಮನೆತನಗಳಲ್ಲಿಯೂ ಇಂಥದೊಂದು ಪದ್ಧತಿಯಿದೆ. ಗುರಾಣಿಯ ಚಿತ್ರವನ್ನು ನಾಲ್ಕು ಮನೆಗಳಾಗಿ ಭಾಗಿಸಿ, ಒಂದೊಂದರಲ್ಲಿ ಒಂದೊಂದು ವಂಶದ ಗುರುತನ್ನು ಬರೆಯುತ್ತಾರೆ. ಹೆಣ್ಣುಮಗಳೊಬ್ಬಳು ಆಸ್ತಿಯೊಡನೆ ಬೇರೆ ಮನೆಗೆ ಸೇರಿದರೆ ಅವಳ ತವರಿನ ಗುರುತೂ ಜೊತೆಗೆ ಹೋಗುತ್ತದೆ. ಕೆಲವೊಮ್ಮೆ ಬರಿಯ ಹಕ್ಕುಸಾಧನೆಗಾಗಿಯೂ ಸೇರಿಸುವುದುಂಟು. ಇಂಗ್ಲೆಂಡಿನ ಮೂರನೆಯ ಎಡ್ವರ್ಡನು ತಾಯಿಯ ಕಡೆಯ ಹಕ್ಕೆಂದು 1340ರಲ್ಲಿ ಫ್ರಾನ್ಸಿನ ಲಿಲಿ ಹೂವುಗಳನ್ನು ತನ್ನ ಗುರಾಣಿಗೆ ಏರಿಸಿದನು. ಫ್ರಾನ್ಸು ಕೈತಪ್ಪಿಹೋದ ಮೇಲೂ ಆ ಹೂವುಗಳು 1801ರ ವರೆಗೆ ಅಲ್ಲಿಯೇ ಉಳಿದವು. ಅಲ್ಲಿ ಮದುವೆಯ ಪತ್ರ, ಇಲ್ಲಿ ಕತ್ತಿಯ ಪತ್ರ, ಇಷ್ಟೇ ವ್ಯತ್ಯಾಸ. ಇನ್ನೊಂದು ವ್ಯತ್ಯಾಸವೂ ಉಂಟು: ಅಲ್ಲಿ ಬಂದ ಗುರುತಿಗೆ ಗುರಾಣಿಯಲ್ಲಿ ಸಮಪಾಲು ಸಿಗುತ್ತದೆ. ನೇಸರಿಯ ಪಟ್ಟಿಯಲ್ಲಿ ಮೀನಿಗೂ ಹುಲಿಗೂ ಹೆಸರಷ್ಟೇ ಸಿಕ್ಕಿತು, ಪೀಠವೆಲ್ಲ ಗರುಡನಿಗೆ.

ಇದನ್ನೋದಿ ಎದೆಯುಬ್ಬಿಸಿಕೊಳ್ಳುವ ಮೊದಲು ಒಂದು ಮಾತು. ಲಾಂಛನವನ್ನು ಕಿತ್ತುಕೊಂಡೆವೆಂದು ತಗಡಿನಲ್ಲಿ ಬರೆದ ಮಾತ್ರಕ್ಕೆ ಅದು ಸೋತವನ ಮನೆಯಿಂದ ಹೋಗಿಬಿಡುವುದಿಲ್ಲ. ಪಾಂಡ್ಯರ ಮೀನು ಮುಂದೆ ಶತಮಾನಗಳ ಕಾಲ ಮಧುರೆಯಲ್ಲಿ ಮೆರೆಯಿತು. ಗೋವಿಂದನ ಕಾಲದಲ್ಲಿ ಚಿಕ್ಕದಾಗಿದ್ದ ಚೋಳರ ಹುಲಿ ಇನ್ನೂರು ವರ್ಷಗಳಲ್ಲಿ ದಕ್ಷಿಣವನ್ನೆಲ್ಲ ಆವರಿಸಿತು. ಚಾಲುಕ್ಯರ ವರಾಹವು 973ರಲ್ಲಿ ಎರಡನೆಯ ತೈಲಪನ ಕೈಯಲ್ಲಿ ಮತ್ತೆ ಎದ್ದುನಿಂತು ರಾಷ್ಟ್ರಕೂಟರನ್ನೇ ಮುಗಿಸಿತು. ಆಸ್ಥಾನಕವಿಗೆ ಇದೆಲ್ಲ ತಿಳಿಯುವಂತಿರಲಿಲ್ಲ. ಧರ್ಮಪಾಲನೂ ಗೋವಿಂದನು ಬೆನ್ನು ತಿರುಗಿಸಿದ ಮೇಲೆ ತನ್ನ ರಾಜ್ಯವನ್ನು ತಾನು ಆಳಿಕೊಂಡೇ ಇದ್ದನು.

ಹಾಗಾದರೆ ಗಟ್ಟಿಯಾಗಿ ಉಳಿದದ್ದು ಯಾವುದು? ನಾಸಿಕ ಜಿಲ್ಲೆಯ ವಣಿಯಲ್ಲಿ, ಸಪ್ತಶೃಂಗಿಯ ಬೆಟ್ಟದ ಕೆಳಗಿನ ಊರಿನಲ್ಲಿ, ಗೋವಿಂದನ ಒಂದು ತಾಮ್ರಪಟವು ಸಿಕ್ಕಿತು. ಅದು ಶಕವರ್ಷ 730 ಎಂದು ಹೇಳುತ್ತದೆ. ದೊರೆಯು ಮಯೂರಖಂಡಿಯಲ್ಲಿದ್ದಾಗ ನಾಸಿಕದೇಶದ ಒಂದು ಹಳ್ಳಿಯನ್ನು ದಾನಮಾಡಿದ ಪತ್ರವದು. ಹಳ್ಳಿಯ ಹೆಸರು ಅಂಬಕಗ್ರಾಮ. ಸೇರಿದ್ದು ವಟನಗರ ವಿಷಯಕ್ಕೆ. ಮಯೂರಖಂಡಿಯು ವಣಿಯ ಬಳಿಯ ಬೆಟ್ಟದ ಕೋಟೆಯೆಂದು ಕೆಲವು ವಿದ್ವಾಂಸರು, ಬೀದರ ಜಿಲ್ಲೆಯ ಮೋರಖಂಡಿಯೆಂದು ಇನ್ನು ಕೆಲವರು ಹೇಳುತ್ತಾರೆ. ಈ ಜಗಳದಲ್ಲಿ ನಾಸಿಕದ ಕನ್ನಡಿಗರು ಯಾವ ಪಕ್ಷ ಹಿಡಿಯಬೇಕೆಂಬುದು ನಮಗೆ ತಿಳಿಯದು; ಎರಡೂ ನಮ್ಮವೇ. ಕಂಚಿಯಿಂದ ಕನೌಜಿನ ವರೆಗೆ ಕುದುರೆ ಓಡಿಸಿದವನ ಮುದ್ರೆಯು ಇಲ್ಲಿ ಒಂದು ಹಳ್ಳಿಯ ಎಲ್ಲೆಯನ್ನು ಕಾಯುತ್ತಿದ್ದಿತು. ಆನೆ, ಹುಲಿ, ಮೀನುಗಳ ಪಟ್ಟಿಗಿಂತ ಈ ಎಲ್ಲೆಯ ವಿವರವನ್ನು ಓದುವಾಗ ಆತನು ನಮಗೆ ಹತ್ತಿರದವನಾಗಿ ತೋರುತ್ತಾನೆ.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಮರಾಠಿ ನೆರೆಯವರ ಮಕ್ಕಳೂ ಶಾಲೆಯಲ್ಲಿ ರಾಷ್ಟ್ರಕೂಟರನ್ನು ತಮ್ಮ ನಾಡಿನ ದೊರೆಗಳೆಂದು ಓದುತ್ತಾರೆ, ನಮ್ಮ ಮಕ್ಕಳೂ ಹಾಗೆಯೇ ಕೇಳಿ ಬೆಳೆಯುತ್ತಾರೆ. ಎಲ್ಲೋರದ ಅಂಗಳದಲ್ಲಿ ಹುಡುಗರು ಇದೇ ವಿಷಯಕ್ಕೆ ಮಾತಿಗೆ ಮಾತು ಬೆಳೆಸಿದ್ದನ್ನೂ ನೋಡಿದ್ದೇವೆ. ಅಮೋಘವರ್ಷನ ಆಸ್ಥಾನದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯ ವರೆಗಿನ ನಾಡನ್ನು ಕನ್ನಡದ್ದೆಂದು ಗುರುತಿಸಿತು, ನಿಜ. ನಾಸಿಕವೂ ಪೈಠಣವೂ ಅದೇ ಗೋದಾವರಿಯ ದಡದಲ್ಲಿವೆ, ಅದೂ ನಿಜ. ಆದರೆ ಗೋವಿಂದನ ಮನೆಯ ಗುರುತಿನಲ್ಲಿ ಮರಾಠವಾಡದ ಲಾತೂರಿದೆ, ಆತನ ತಗಡುಗಳಲ್ಲಿ ಸಂಸ್ಕೃತವೂ ಕನ್ನಡವೂ ಇವೆ, ಆತನ ಮಗನು ಹುಟ್ಟಿದ್ದು ಗುಜರಾತಿನಲ್ಲಿ. ಇಂದಿನ ರಾಜ್ಯಗಳ ಗಡಿಯನ್ನು ಹಿಡಿದು ಆತನನ್ನು ಅಳೆಯಹೊರಟರೆ ಅಳತೆಗೋಲೇ ಮುರಿಯುತ್ತದೆ. ಆ ಹುಡುಗರಿಗೆ ನಾವು ಹೇಳಿದ್ದು ಇಷ್ಟನ್ನೇ. ಕೇಳಿದರೋ ಇಲ್ಲವೋ, ಅಷ್ಟರಲ್ಲಿ ಬುತ್ತಿ ಬಿಚ್ಚಿದ್ದರಿಂದ ಮಾತು ಅಲ್ಲಿಗೇ ನಿಂತಿತು.

ಗೋವಿಂದನು 814ರಲ್ಲಿ ತೀರಿಕೊಂಡನು. ಮಳೆಗಾಲದ ಬಿಡಾರದಲ್ಲಿ ಹುಟ್ಟಿದ ಮಗನಿಗೆ ಆಗ ಇನ್ನೂ ಎಳೆಯ ವಯಸ್ಸು. ಲಾಟದೇಶದ ಇಂದ್ರನ ಮಗನಾದ ಕರ್ಕನು ಬಂದು ಬಾಲಕನಿಗೆ ಒತ್ತಾಸೆಯಾಗಿ ನಿಂತನು. ಸಾಮಂತರು ಬಂಡೆದ್ದು ಸಿಂಹಾಸನವನ್ನೇ ಅಲ್ಲಾಡಿಸಿದಾಗಲೂ ಅದನ್ನು ನಿಲ್ಲಿಸಿಕೊಟ್ಟವನು ಆತನೇ. ಗೋವಿಂದನು ತಮ್ಮನಿಗೆ ನಂಬಿಕೊಟ್ಟ ಸೀಮೆಯಿಂದಲೇ ಮಗನಿಗೆ ರಕ್ಷಣೆ ಬಂದಿತು. ಆ ಬಾಲಕನು ಅರುವತ್ತು ವರ್ಷಗಳಿಗೂ ಮಿಕ್ಕಿ ಆಳಿ, ಮಾನ್ಯಖೇಟವೆಂಬ ಇಂದಿನ ಮಳಖೇಡವನ್ನು ರಾಜಧಾನಿಯಾಗಿ ಬೆಳೆಸಿದನು.

ಇನ್ನು ಗರುಡನ ಕಥೆ. 973ರಲ್ಲಿ ವರಾಹಕ್ಕೆ ಸೋತ ಮೇಲೆ ಅವನು ಸವದತ್ತಿಯ ರಟ್ಟರ ಚಿಕ್ಕ ಮನೆಯಲ್ಲಿ ಆಶ್ರಯ ಪಡೆದನು. ಅವರು ತಾವು ರಾಷ್ಟ್ರಕೂಟರ ವಂಶದವರೆಂದು ಹೇಳಿಕೊಂಡು, ಲಟ್ಟಲೂರ ಒಡೆತನದ ಬಿರುದನ್ನೂ ಚಿನ್ನದ ಗರುಡಧ್ವಜವನ್ನೂ ಬಿಡದೆ ಹಿಡಿದುಕೊಂಡಿದ್ದರು. ಸವದತ್ತಿ, ಬೆಳಗಾವಿಯ ಕಡೆಯಿಂದ ಇಲ್ಲಿಗೆ ಬಂದ ನಮ್ಮ ಬಂಧುಗಳು ಆ ಶಾಸನಗಳನ್ನು ಊರಿನ ಗುಡಿಗಳಲ್ಲಿ ಕಂಡಿರಬಹುದು. 13ನೆಯ ಶತಮಾನದ ಪೂರ್ವಾರ್ಧದಲ್ಲಿ ರಟ್ಟರನ್ನು ಸೋಲಿಸಿದವರು ಸೇವುಣರು. ನಾಸಿಕದ ಬಳಿಯ ಸಿನ್ನರದಲ್ಲಿ ಮೊದಲು ನೆಲೆಗೊಂಡು, ಕನ್ನಡದಲ್ಲಿ ನೂರಾರು ಶಾಸನಗಳನ್ನು ಬರೆಯಿಸಿದ ಆ ಮನೆತನದ ಧ್ವಜವೂ ಗರುಡಧ್ವಜವೇ. ಅವರ ರಾಜಧಾನಿ ದೇವಗಿರಿ, ಎಂದರೆ ನಮ್ಮ ದೌಲತಾಬಾದು. ಎಲ್ಲೋರಕ್ಕೆ ಹೋಗುವ ಬಸ್ಸು ಇಂದಿಗೂ ಆ ಬೆಟ್ಟದ ಬುಡವನ್ನು ಬಳಸಿಕೊಂಡೇ ಹೋಗುತ್ತದೆ.